ದುಡ್ಡು ಬೇಕಾಗುವುದು ಎಂಟನೇ ತಿಂಗಳಿಗೆ

ಈ ವಾರ ಫೆಡ್ ಬಡ್ಡಿದರದ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಅದು ಮುಂದಿನ ವಾರಕ್ಕಿರಲಿ. ನನ್ನ ಅಕ್ಕನ ಮಗನಿಗೆ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾಗಿದೆ. ವಯಸ್ಸು 31, ಬೆಂಗಳೂರಿನಲ್ಲಿ ಕೆಲಸ, ಇನ್ನೂ ಮದುವೆಯಾಗಿಲ್ಲ, ಸಿಗರೇಟು ಗುಟ್ಕಾ ಮುಟ್ಟಿದವನಲ್ಲ. ಚಪಾತಿ ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗುತ್ತೆ ಅನ್ನುತ್ತಿದ್ದ, ಎಲ್ಲರೂ ಆಸಿಡಿಟಿ ಅಂದರು. ಎಂಡೋಸ್ಕೋಪಿ, ಬಯಾಪ್ಸಿ ಆದ ಮೇಲೆ ನಿಜ ತಿಳಿಯಿತು. ಎರಡೇ ದಿನದಲ್ಲಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಡಲ್ಲಾಸ್, ದುಬೈ, ಸಿಡ್ನಿ ಎಲ್ಲ ಕಡೆಯಿಂದ ಒಂದೇ ಮಾತು: ಅಕೌಂಟ್ ನಂಬರ್ ಕಳಿಸಿ.

ನನ್ನ ತಕರಾರು ಇರುವುದು ಇಲ್ಲಿ. ಪರದೇಶದಲ್ಲಿರುವ ನಾವು ದುಡ್ಡು ಕಳಿಸುವುದು ಗಾಬರಿಯಾದ ದಿನ. ಅವರಿಗೆ ದುಡ್ಡು ಬೇಕಾಗುವ ದಿನ ಬೇರೆ.

ಅವನ ಚಿಕಿತ್ಸೆಯ ಕ್ಯಾಲೆಂಡರ್ ನೋಡಿ. ಮೊದಲ ತಿಂಗಳು ಬಹುತೇಕ ಪರೀಕ್ಷೆಗಳೇ: ಸಿಟಿ, ಪೆಟ್ ಸ್ಕ್ಯಾನ್, ಎರಡನೇ ಅಭಿಪ್ರಾಯ. ಆಮೇಲೆ ಸುಮಾರು ಐದು ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೋ. ಕೆಲವು ವಾರ ಬಿಟ್ಟು ದೊಡ್ಡ ಸರ್ಜರಿ. ಅನ್ನನಾಳದ ಬಹುಭಾಗ ತೆಗೆದು, ಹೊಟ್ಟೆಯನ್ನೇ ಕೊಳವೆಯಂತೆ ಮೇಲಕ್ಕೆಳೆದು ಜೋಡಿಸುತ್ತಾರೆ. ತೆಗೆದ ಭಾಗದಲ್ಲಿ ಕ್ಯಾನ್ಸರ್ ಇನ್ನೂ ಉಳಿದಿತ್ತು ಅಂತ ವರದಿ ಬಂದರೆ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿಯನ್ನು ಒಂದು ವರ್ಷದವರೆಗೆ ಕೊಡುವ ಪದ್ಧತಿ ಇದೆ, ಮತ್ತು ಅದು ದುಬಾರಿ ಔಷಧ. ಅಂದರೆ ಒಟ್ಟು ಲೆಕ್ಕ ಒಂದೂವರೆ ವರ್ಷದ್ದು. ಎಂಟನೇ ತಿಂಗಳಿಗೆ ರಜೆಗಳೆಲ್ಲ ಮುಗಿದು ಸಂಬಳ ಕಡಿತ ಶುರುವಾಗಿರುತ್ತದೆ, ವಿಮೆ ಮೊತ್ತ ಖಾಲಿಯಾಗುತ್ತಾ ಬಂದಿರುತ್ತದೆ, ವಾಟ್ಸಾಪ್ ಗುಂಪು ಮತ್ತೆ ಹುಟ್ಟುಹಬ್ಬದ ಫೋಟೋಗಳಿಗೆ ಮರಳಿರುತ್ತದೆ.

ಆದ್ದರಿಂದ ನಾವು ನಾಲ್ಕು ಜನ ತಿಂಗಳಿಗೆ ಇಷ್ಟು ಎಂದು 18 ತಿಂಗಳಿಗೆ ಒಪ್ಪಿಕೊಂಡೆವು. ಎಸ್‌ಐಪಿಗೆ ಕಟ್ಟುವ ಹಾಗೇ, ಅಕ್ಕನ ಹೆಸರಿನ ಒಂದು ಪ್ರತ್ಯೇಕ ಖಾತೆಗೆ. ಆಸ್ಪತ್ರೆ ಬಿಲ್ಲಿಗೆ ವಿಮೆ ಇದೆ. ಆಸ್ಪತ್ರೆ ಹತ್ತಿರದ ಬಾಡಿಗೆ ಮನೆಗೆ, ಅಡುಗೆಯವಳಿಗೆ, ಅಂಗಡಿ ಮುಚ್ಚಿ ಮಗನ ಜೊತೆ ಕೂರುವ ಭಾವನ ಆದಾಯಕ್ಕೆ, ಅವನ ಸಾಲದ ಇಎಂಐಗೆ ಆ ವಿಮೆ ಕೊಡುವುದಿಲ್ಲ. ಸರ್ಜರಿ ಆದವರು ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು. ಅದನ್ನು ಮಾಡಿ ಬಡಿಸಲು ಒಬ್ಬರು ಮನೆಯಲ್ಲೇ ಇರಬೇಕು. ನಮ್ಮ ಡಾಲರ್, ದಿರಾಮ್ ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿ.

"ಮಾಮ, ರಿಸೈನ್ ಮಾಡಿ ಊರಿಗೆ ಹೋಗಿಬಿಡ್ತೀನಿ" ಅಂದ. ಬೇಡವೇ ಬೇಡ ಅಂದೆ. ಕಂಪನಿಯ ಗುಂಪು ವಿಮೆ ಅವನ ಅತಿ ದೊಡ್ಡ ಆಸ್ತಿ. ಕೆಲಸ ಬಿಟ್ಟರೆ ಅದೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಈಗ ಹೊಸ ಪಾಲಿಸಿ ಸಿಗುವುದು ಬಹಳ ಕಷ್ಟ, ಸಿಕ್ಕರೂ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಎಚ್‌ಆರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ, ಪಾಲಿಸಿ ನವೀಕರಣದ ತಾರೀಕು ಯಾವಾಗ ಅಂತ. ಆ ದಿನದಿಂದ ವಿಮೆ ಮೊತ್ತ ಹೊಸದಾಗಿ ಶುರುವಾಗುತ್ತದೆ. ಹಾಗಂತ ಚಿಕಿತ್ಸೆಯನ್ನು ಆ ತಾರೀಕಿಗಾಗಿ ಮುಂದೂಡಬಾರದು. ಯಾವ ಬಿಲ್ಲು ಯಾವ ವರ್ಷಕ್ಕೆ ಬೀಳುತ್ತದೆ ಎಂದು ಗೊತ್ತಿದ್ದರೆ ಸಾಕು.

ಅಮೆರಿಕಕ್ಕೆ ಕರೆಸಿಕೊಳ್ಳಿ ಅಂದವರೂ ಇದ್ದಾರೆ. ಸಂದರ್ಶಕರ ವಿಮೆ ಮೊದಲೇ ಇರುವ ಕ್ಯಾನ್ಸರ್‌ನ ಚಿಕಿತ್ಸೆಗೆ ಕೊಡುವುದಿಲ್ಲ. ಇದು ಭಾರತದಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳಲ್ಲಿ ಒಂದು. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್‌ನ ವೈದ್ಯರ ಕೈಗೆ ಇದು ಹೊಸ ಕಾಯಿಲೆಯೇನಲ್ಲ. ಎರಡನೇ ಅಭಿಪ್ರಾಯಕ್ಕೆ ಅಲ್ಲಿಗೇ ಹೋಗಲಿ.

ತೆರಿಗೆಯ ಮಾತು ಚುಟುಕಾಗಿ. ಭಾರತದ ಆದಾಯ ತೆರಿಗೆಯಲ್ಲಿ ಅಕ್ಕನಿಗೆ ತಮ್ಮ, ಅಳಿಯನಿಗೆ ಸೋದರಮಾವ 'ಸಂಬಂಧಿ', ಹಾಗಾಗಿ ಪಡೆದವರಿಗೆ ತೆರಿಗೆಯಿಲ್ಲ. ಚಿಕ್ಕಪ್ಪನ ಮಗ, ದೊಡ್ಡಮ್ಮನ ಮಗ ಆ ಪಟ್ಟಿಯಲ್ಲಿ ಇಲ್ಲ. ಇಂಥವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ಪಡೆದವರ ಆದಾಯವಾಗುತ್ತದೆ, ಆಡಿಟರ್ ಹತ್ತಿರ ಮೊದಲೇ ಕೇಳಿ. ಅಮೆರಿಕದಲ್ಲಿರುವವರು ಆಸ್ಪತ್ರೆಗೇ ನೇರವಾಗಿ ಕಟ್ಟಿದ ಚಿಕಿತ್ಸಾ ವೆಚ್ಚ, ವಿಮೆಯಿಂದ ವಾಪಸ್ ಬರದಿದ್ದರೆ, ಗಿಫ್ಟ್ ಲೆಕ್ಕಕ್ಕೇ ಬರುವುದಿಲ್ಲ. 2025ರ 19,000 ಡಾಲರ್ ಮಿತಿ ಅದಕ್ಕೆ ತಾಗದು.

ಇನ್ನೊಂದು ವಿಷಯಕ್ಕೆ ದುಡ್ಡಿಗಿಂತ ಧೈರ್ಯ ಬೇಕು. ಕೀಮೋದಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾಗಬಹುದು. ವೀರ್ಯವನ್ನು ಶೀತಲೀಕರಿಸಿ ಇಡುವ ವ್ಯವಸ್ಥೆ ಇದೆ, ಆದರೆ ಅದು ಮೊದಲ ಕೀಮೋಗಿಂತ ಮುಂಚೆ ಆಗಬೇಕು. ಅಪ್ಪ ಅಮ್ಮ ಈ ಮಾತು ಎತ್ತುವುದಿಲ್ಲ, ಡಾಕ್ಟರ್ ಅವಸರದಲ್ಲಿ ಮರೆಯಬಹುದು. ನಾನೇ ಅವನಿಗೆ ಒಬ್ಬನೇ ಇರುವಾಗ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಕೇಳ್ತೀನಿ ಮಾಮ" ಅಂದ. ಮೊದಲ ಕೀಮೋ ಮುಂದಿನ ಸೋಮವಾರ.