ಕನ್ಸಲ್ಟಿಂಗ್ ಕಂಪನಿಗಳ ಪಟ್ಟಿಯಲ್ಲಿ ರಾಯಚೂರು ಏಕಿಲ್ಲ?

2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಮಸೂದೆಯೊಂದನ್ನು ಸರ್ಕಾರವೇ ಎರಡು ದಿನದಲ್ಲಿ ತಡೆಹಿಡಿಯಿತು. ಖಾಸಗಿ ಕಂಪನಿಗಳ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತ್ತು ಅದು. ಕಂಪನಿಗಳು ರಾಜ್ಯ ಬಿಟ್ಟು ಹೋದಾವು ಎಂದು ಐಟಿ ಉದ್ಯಮದ ಸಂಘಟನೆ ನಾಸ್ಕಾಂ ಎಚ್ಚರಿಸಿತು. ಕನ್ನಡಪರ ಸಂಘಟನೆಗಳು ಮಸೂದೆ ಬೇಕೇ ಬೇಕು ಎಂದವು. ಪ್ರತಿಭೆಯೋ ಸ್ಥಳೀಯತೆಯೋ ಎಂಬ ಆ ಜಗಳದ ಗದ್ದಲದಲ್ಲಿ ಮುಖ್ಯ ಪ್ರಶ್ನೆ ಹಿಂದೆ ಸರಿಯಿತು. ಮಾನ್ವಿ ಸೀಮೆಯ ಬಾಗಲವಾಡದಿಂದ ರಾಯಚೂರಿಗೆ ಬಂದು ಪದವಿ ಓದುವ ಹುಡುಗಿಯ ಅರ್ಜಿಯನ್ನು ಈ ಕಂಪನಿಗಳು ತೆರೆದಾದರೂ ನೋಡುತ್ತವೆಯೇ?

ಕನ್ಸಲ್ಟಿಂಗ್ ಉದ್ಯೋಗವನ್ನೇ ತೆಗೆದುಕೊಳ್ಳಿ. ಉದ್ಯಮಗಳಿಗೂ ಸರ್ಕಾರಗಳಿಗೂ ಶುಲ್ಕ ಪಡೆದು ಸಲಹೆ ನೀಡುವ ಈ ಕ್ಷೇತ್ರದಲ್ಲಿ ಮೆಕಿನ್ಸಿ, ಬಿಸಿಜಿ, ಬೇನ್ ಮೊದಲ ಸಾಲಿನವು. ಇವು ಹೊಸಬರನ್ನು ಹೆಚ್ಚಾಗಿ ಐಐಎಂ, ಐಐಟಿಯಂಥ ಬೆರಳೆಣಿಕೆಯ ಕ್ಯಾಂಪಸ್‌ಗಳಿಂದಲೇ ಆರಿಸಿಕೊಳ್ಳುತ್ತವೆ. ಅಲ್ಲಿ ಹಿರಿಯ ವಿದ್ಯಾರ್ಥಿಗಳು ರೆಸ್ಯೂಮೆ ತಿದ್ದಿಕೊಡುತ್ತಾರೆ, ಕನ್ಸಲ್ಟಿಂಗ್ ಕ್ಲಬ್‌ಗಳು ಹಳೆಯ ಪ್ರಶ್ನೆಗಳ ಕೇಸ್‌ಬುಕ್ ಹಂಚುತ್ತವೆ, ಅಣಕು ಸಂದರ್ಶನಗಳು ತಿಂಗಳುಗಟ್ಟಲೆ ನಡೆಯುತ್ತವೆ. ಹೊರಗಿನವರಿಗೆ ಉಳಿಯುವುದು ಆನ್‌ಲೈನ್ ಅರ್ಜಿ, ಇಲ್ಲವೇ ಒಳಗಿನವರ ರೆಫರಲ್. ರಾಯಚೂರಿನ ಬಿ.ಕಾಂ. ವಿದ್ಯಾರ್ಥಿನಿಗೆ ರೆಫರಲ್ ಕೊಡಿಸುವ ಸೋದರಮಾವ ಆ ಕಚೇರಿಗಳಲ್ಲಿ ಇಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಲಾರೆನ್ ರಿವೆರಾ ಅಲ್ಲಿನ ಕನ್ಸಲ್ಟಿಂಗ್, ಬ್ಯಾಂಕಿಂಗ್, ಕಾನೂನು ಸಂಸ್ಥೆಗಳ ನೇಮಕಾತಿಯನ್ನು ಹತ್ತಿರದಿಂದ ಕಂಡು 2015ರಲ್ಲಿ ‘ಪೆಡಿಗ್ರೀ’ ಪುಸ್ತಕ ಬರೆದರು. ಕಂಪನಿಗಳು ಆರಿಸಿಟ್ಟುಕೊಂಡ ಪಟ್ಟಿಯಲ್ಲಿಲ್ಲದ ಕಾಲೇಜಿನವರ ಅರ್ಜಿ ಸಂದರ್ಶನದ ತನಕ ತಲುಪುವುದೇ ಕಷ್ಟ, ತಲುಪಿದರೂ ಸಂದರ್ಶಕರು ತಮ್ಮಂತೆ ಮಾತಾಡುವ, ತಮ್ಮಂಥ ಹವ್ಯಾಸವಿರುವವರನ್ನೇ ಮೆಚ್ಚುತ್ತಾರೆ ಎಂಬುದು ಅವರು ಕಂಡದ್ದು. ಪ್ರತಿಭೆಯ ಹೆಸರಿನಲ್ಲಿ ಮಸೂದೆಯನ್ನು ವಿರೋಧಿಸಿದವರು ಇದನ್ನು ಓದಬೇಕು.

ಇನ್ನು ಕೇಸ್ ಇಂಟರ್ವ್ಯೂ. ಒಂದು ವ್ಯವಹಾರದ ಸಮಸ್ಯೆಯನ್ನು ಮುಂದಿಟ್ಟು, ಅಭ್ಯರ್ಥಿ ಅದನ್ನು ಹೇಗೆ ಬಿಡಿಸುತ್ತಾಳೆ ಎಂದು ನೋಡುವ ಪರೀಕ್ಷೆ ಅದು. ಅಂಥ ಸಮಸ್ಯೆಗಳು ರಾಯಚೂರು ಜಿಲ್ಲೆಯ ಮನೆಗಳಿಗೆ ಹೊಸವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಎಷ್ಟು ನೀರು ಉಳಿದೀತು, ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ಎಷ್ಟು ತಲುಪೀತು, ಭತ್ತ ನಾಟಿ ಮಾಡಬೇಕೋ ಬಿಡಬೇಕೋ, ಬೆಳೆ ಕೈಕೊಟ್ಟರೆ ಸಾಲ ತೀರುವುದು ಹೇಗೆ, ರೈಸ್ ಮಿಲ್‌ಗೆ ಕೆಲಸ ಸಿಕ್ಕೀತೇ ಎಂಬ ಲೆಕ್ಕಗಳು ಮಾನ್ವಿ, ಸಿರವಾರ ಕಡೆಯ ಮನೆಗಳಲ್ಲಿ ಬದುಕಿನ ಲೆಕ್ಕಗಳು. ಇದಕ್ಕಿಂತ ಗಟ್ಟಿಯಾದ ಕೇಸ್ ಯಾವ ಕೇಸ್‌ಬುಕ್‌ನಲ್ಲಿದೆ? ಇಂಗ್ಲಿಷ್ ಬೇಡ, ತಯಾರಿ ಬೇಡ ಎಂದು ಯಾರೂ ವಾದಿಸುತ್ತಿಲ್ಲ. ಹೊಸಬರಿಗೆ ತರಬೇತಿ ನೀಡುವ ಕಂಪನಿಗಳು ಇಂಗ್ಲಿಷನ್ನೂ ಕಲಿಸಬಹುದು. ಬರಗಾಲದಲ್ಲಿ ಸಂಸಾರ ತೂಗಿಸಿದ ಮನೆಯ ವಿವೇಕವನ್ನು ಯಾವ ತರಬೇತಿಯೂ ಕಲಿಸದು.

ಸರ್ಕಾರದ ಉತ್ತರವೂ ಸಾಲದು. 2012ರ 98ನೇ ತಿದ್ದುಪಡಿಯಿಂದ ಬಂದ ಸಂವಿಧಾನದ 371(ಜೆ) ವಿಧಿ ರಾಯಚೂರೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಸರ್ಕಾರಿ ನೌಕರಿ, ಶಿಕ್ಷಣದಲ್ಲಿ ಪಾಲು ಕೊಟ್ಟಿತು. ಖಾಸಗಿ ಕಚೇರಿಯ ಬಾಗಿಲಿಗೆ ಅದು ಬರುವುದಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗ, ಮಾನ್ವಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತ್ತು. ಆದರೂ ಆ ಮಸೂದೆಯ ಕಣ್ಣಿಗೆ ಬೆಂಗಳೂರಿನ ಜಯನಗರದವರೂ ದೇವದುರ್ಗದವರೂ ಒಂದೇ ಬಗೆಯ ‘ಸ್ಥಳೀಯರು’. ಅದು ಜಾರಿಯಾಗಿದ್ದರೆ ಒಳ್ಳೆಯ ಹುದ್ದೆಗಳು ಬೆಂಗಳೂರಿನಲ್ಲೇ ಭರ್ತಿಯಾಗುತ್ತಿದ್ದವು. 2019ರಲ್ಲಿ ಬಂದ ರಾಯಚೂರು ಐಐಐಟಿ ಹೆಮ್ಮೆಯ ಸಂಸ್ಥೆ, ಸರಿ. ಆದರೆ ಅದರ ಬಿ.ಟೆಕ್. ಪ್ರವೇಶ ಜೆಇಇ ಮೇನ್ ರ‍್ಯಾಂಕಿನ ಮೇಲೆ, ಇಡೀ ದೇಶಕ್ಕೆ ತೆರೆದದ್ದು.

ಬೇರೆ ದಾರಿ ಇದೆ, ಇದೇ ಉದ್ಯಮದಲ್ಲೇ ಇದೆ. 2015ರಲ್ಲಿ ಬ್ರಿಟನ್ನಿನ ಇವೈ ಪದವಿಯ ದರ್ಜೆಯನ್ನು ಪ್ರವೇಶದ ಅರ್ಹತೆಯಿಂದ ಕೈಬಿಟ್ಟಿತು. ಅದೇ ವರ್ಷ ಅಲ್ಲಿನ ಡೆಲಾಯ್ಟ್, ಅಭ್ಯರ್ಥಿಯ ವಿಶ್ವವಿದ್ಯಾಲಯದ ಹೆಸರನ್ನು ಆಯ್ಕೆ ಮಾಡುವವರಿಗೆ ಕಾಣದಂತೆ ಮರೆಮಾಡಲು ತೀರ್ಮಾನಿಸಿತು. ಲಂಡನ್ನಿನಲ್ಲಿ ಆದದ್ದು ಬೆಂಗಳೂರಿನಲ್ಲಿ ಏಕೆ ಆಗಬಾರದು?

ಇದಕ್ಕೆ ಹೊಸ ಮೀಸಲಾತಿ ಕಾಯ್ದೆಯೂ ಬೇಕಿಲ್ಲ. ಕನ್ಸಲ್ಟಿಂಗ್ ಕಂಪನಿಗಳಿಗೆ ಸರ್ಕಾರಿ ಇಲಾಖೆಗಳು ದೊಡ್ಡ ಗಿರಾಕಿಗಳು. ಆದರೆ ಸಲಹೆಗಾರರ ಟೆಂಡರ್‌ಗಳಲ್ಲಿ ‘ಪ್ರತಿಷ್ಠಿತ ಸಂಸ್ಥೆಯ ಎಂಬಿಎ’ ಎಂಬ ಷರತ್ತು ಮತ್ತೆ ಮತ್ತೆ ಕಾಣುತ್ತದೆ. ರಾಯಚೂರಿನ ಪದವೀಧರರನ್ನು ಹೊರಗಿಡುವ ಸಾಲನ್ನು ಜನರ ದುಡ್ಡಿನಲ್ಲೇ ಬರೆಯುವುದು ಅನ್ಯಾಯ. ರಾಜ್ಯ ಸರ್ಕಾರ ತನ್ನ ಟೆಂಡರ್‌ಗಳಿಂದ ಆ ಷರತ್ತನ್ನು ತೆಗೆಯಲಿ. ಗುತ್ತಿಗೆ ಪಡೆಯುವ ಕಂಪನಿ ವರ್ಷಕ್ಕೊಮ್ಮೆ ರಾಯಚೂರು, ಕಲಬುರಗಿಯಲ್ಲಿ ಕಾಲೇಜಿನ ಹೆಸರು ಮರೆಮಾಡಿ ಮುಕ್ತ ಪರೀಕ್ಷೆ, ಸಂದರ್ಶನ ನಡೆಸಬೇಕೆಂದು ಬರೆಯಲಿ. ಯರಮರಸ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಜಿಲ್ಲೆಯ ಪದವಿ ಕಾಲೇಜುಗಳಲ್ಲೂ ಕೇಸ್ ಇಂಟರ್ವ್ಯೂ ತರಬೇತಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹಣ ಕೊಡಲಿ. ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಬೇಡಿಕೆಗಳನ್ನು ಎತ್ತಬೇಕು.