ಅನುಮತಿಯ ಗೆರೆ ಮತ್ತು ಗಣಕ ಭದ್ರತೆಯ ವೃತ್ತಿ

ಗಣಕಜಾಲಗಳ ಭದ್ರತೆಯನ್ನು ಪರೀಕ್ಷಿಸತಕ್ಕ ಉದ್ಯೋಗವು, ಎಂದರೆ ಇಂದು ‘ಎಥಿಕಲ್ ಹ್ಯಾಕಿಂಗ್’ ಎಂಬ ಹೆಸರಿನಿಂದ ಮನೆಮಾತಾಗಿರುವ ವೃತ್ತಿಯು, ನಮ್ಮ ನಾಡಿನ ತರುಣ ತರುಣಿಯರನ್ನು ಬಹುವಾಗಿ ಆಕರ್ಷಿಸುತ್ತಿರುವುದು ಸಂತೋಷದ ಸಂಗತಿಯೇ ಸರಿ. ಪಿಯುಸಿ ಮುಗಿಸಿದವರೂ, ಡಿಪ್ಲೊಮಾ ಪಡೆದು ಕೆಲಸಕ್ಕೆ ಕಾದಿರುವವರೂ, ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದಲ್ಲಿರುವವರೂ ಈ ವಿಷಯವಾಗಿ ಸಾಮಾನ್ಯವಾಗಿ ಕೇಳುವುದು ಯಾವ ಕೋರ್ಸು ಸೇರಬೇಕು, ಯಾವ ಸರ್ಟಿಫಿಕೇಟು ಸಂಪಾದಿಸಬೇಕು ಎಂದು. ಅದಕ್ಕೂ ಮೊದಲು ಕೇಳತಕ್ಕ ಪ್ರಶ್ನೆಯೊಂದುಂಟು: ಯಾರ ಅನುಮತಿಯಿಂದ? ಕಳ್ಳನ ವಿದ್ಯೆಗೂ ಪರೀಕ್ಷಕನ ವಿದ್ಯೆಗೂ, ಅವರಿಬ್ಬರ ಕೈಯಲ್ಲಿರುವ ಸಲಕರಣೆಗಳಿಗೂ ಎಳ್ಳಷ್ಟು ಭೇದವಿಲ್ಲದಿರುವಾಗ, ಒಬ್ಬನನ್ನು ಅಪರಾಧಿಯೆಂದೂ ಮತ್ತೊಬ್ಬನನ್ನು ಉಪಕಾರಿಯೆಂದೂ ವಿಂಗಡಿಸುವುದು ಆ ವ್ಯವಸ್ಥೆಯ ಒಡೆಯನ ಒಪ್ಪಿಗೆ. ಈ ಒಪ್ಪಿಗೆಯನ್ನು ಬೇಡುವ ಶಿಸ್ತನ್ನು ವಿದ್ಯಾರ್ಥಿಗಳು ಕಲಿಯಬೇಕೆಂಬುದು ಎಷ್ಟು ಸತ್ಯವೋ, ಅದನ್ನು ನೀಡುವ ಔದಾರ್ಯವನ್ನು ಸರ್ಕಾರಗಳು ಕಲಿಯಬೇಕೆಂಬುದೂ ಅಷ್ಟೇ ಸತ್ಯವೆಂದು ನಾನು ನಂಬಿದ್ದೇನೆ.

2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಆನಂದ್ ಪ್ರಕಾಶ್ ಎಂಬ ತರುಣರು ಫೇಸ್‌ಬುಕ್ಕಿನಲ್ಲಿ ಪತ್ತೆಹಚ್ಚಿದ ದೋಷವು ಇದಕ್ಕೆ ಉತ್ತಮವಾದ ನಿದರ್ಶನ. ಪಾಸ್‌ವರ್ಡ್ ಮರೆತವರಿಗೆ ಆ ಸಂಸ್ಥೆಯು ಮೊಬೈಲಿಗೋ ಇ-ಮೇಲಿಗೋ ಆರು ಅಂಕೆಗಳ ಸಂಕೇತವೊಂದನ್ನು ಕಳುಹಿಸುತ್ತದೆ. ಅದನ್ನು ಸರಿಯಾಗಿ ತುಂಬಿದವರಿಗೆ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳುವ ಅಧಿಕಾರ ದೊರೆಯುತ್ತದೆ. ಆರು ಅಂಕೆಗಳಿಂದ ಆಗಬಹುದಾದ ಸಂಕೇತಗಳು ಒಟ್ಟು ಹತ್ತು ಲಕ್ಷ. ಮನುಷ್ಯನನ್ನು ದಣಿಸುವ ಈ ಸಂಖ್ಯೆ ಯಂತ್ರಕ್ಕೆ ಏನೇನೂ ಅಲ್ಲವಾದುದರಿಂದ, ಹತ್ತು ಹನ್ನೆರಡು ಬಾರಿ ತಪ್ಪಿದ ಕೂಡಲೆ ಮುಖ್ಯ ಜಾಲತಾಣವು ಮುಂದಿನ ಪ್ರಯತ್ನಗಳನ್ನು ತಡೆಯುತ್ತಿತ್ತು. ಆದರೆ ಹೊಸ ಸೌಕರ್ಯಗಳನ್ನು ಪ್ರಯೋಗಿಸಿ ನೋಡಲೆಂದು ಪ್ರತ್ಯೇಕವಾಗಿ ಇರಿಸಿದ್ದ ಬೀಟಾ ತಾಣದಲ್ಲಿ ಈ ತಡೆಯೇ ಇರಲಿಲ್ಲ. ಅಲ್ಲಿ ಕುಳಿತು ಹತ್ತು ಲಕ್ಷ ಸಂಕೇತಗಳನ್ನೂ ಒಂದೊಂದಾಗಿ ಪ್ರಯತ್ನಿಸುವ ತಾಳ್ಮೆಯುಳ್ಳ ಪ್ರೋಗ್ರಾಂ ಒಂದಿದ್ದರೆ ಯಾರ ಖಾತೆಯನ್ನಾದರೂ ವಶಪಡಿಸಿಕೊಳ್ಳುವುದು ಸಾಧ್ಯವಿತ್ತು. ಆನಂದ್ ಪ್ರಕಾಶ್ ಅವರು ಇದನ್ನು ಪ್ರಯೋಗಿಸಿದ್ದು ತಮ್ಮ ಸ್ವಂತ ಖಾತೆಯ ಮೇಲೆ. ಏಕೆಂದರೆ ಪರರ ಖಾತೆಗೆ ಕೈಹಾಕಲಾಗದೆಂಬುದು ಆ ಸಂಸ್ಥೆಯು ಮೊದಲೇ ಬಹಿರಂಗವಾಗಿ ಸಾರಿದ್ದ ನಿಯಮಗಳಲ್ಲಿ ಒಂದಾಗಿತ್ತು. ಅವರ ವರದಿ ತಲಪಿದ ಮರುದಿನವೇ ದೋಷ ಪರಿಹಾರವಾಯಿತು, ಹದಿನೈದು ಸಾವಿರ ಡಾಲರುಗಳ ಬಹುಮಾನವೂ ಬಂದಿತು.

ವೃತ್ತಪತ್ರಿಕೆಗಳು ಆಗ ಬಹುಮಾನದ ಮೊತ್ತವನ್ನು ದಪ್ಪಕ್ಷರಗಳಲ್ಲಿ ಅಚ್ಚು ಮಾಡಿದವು, ಅದು ಸಹಜವೇ. ನನ್ನ ಗಮನವನ್ನು ಹೆಚ್ಚಾಗಿ ಸೆಳೆಯುವುದು ಆ ನಿಯಮಗಳು. ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು, ಕಂಡದ್ದನ್ನು ಯಾರಿಗೆ ತಿಳಿಸಬೇಕು ಎಂಬುದು ಪರೀಕ್ಷಕರಿಗೆ ಮುಂಚಿತವಾಗಿಯೇ ಗೊತ್ತಿತ್ತು; ಆದುದರಿಂದಲೇ ಕೋಟ್ಯಂತರ ಜನರ ಖಾಸಗಿ ಮಾತುಕತೆಗೆ ಕುತ್ತಾಗಬಹುದಾಗಿದ್ದ ದೋಷವೊಂದು ಯಾರಿಗೂ ಹಾನಿಯಾಗದೆ ಒಂದೇ ದಿನದಲ್ಲಿ ನೀಗಿತು. ದೋಷ ತೋರಿಸಿದವರಿಗೆ ಬಹುಮಾನ ಕೊಡುವ ಈ ಪದ್ಧತಿಯನ್ನು ನೆಟ್‌ಸ್ಕೇಪ್ ಸಂಸ್ಥೆಯು 1995ರಷ್ಟು ಹಿಂದೆಯೇ ಆರಂಭಿಸಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ವಿದ್ಯೆಯ ವಿಚಾರ. ಬೀಟಾ ತಾಣದ ಆ ದೋಷವನ್ನು ಯಾವ ಸಿದ್ಧ ಉಪಕರಣವೂ ತಾನಾಗಿ ಹುಡುಕಿಕೊಟ್ಟಿರಲಾರದು. ಒಂದೇ ಸೇವೆಯು ಎರಡು ಬಾಗಿಲುಗಳ ಮೂಲಕ ದೊರೆಯುವಾಗ ಎರಡಕ್ಕೂ ಸಮಾನವಾದ ಕಾವಲಿದೆಯೇ ಎಂದು ಶಂಕಿಸುವ ಬುದ್ಧಿ ಅದಕ್ಕೆ ಬೇಕಾಯಿತು. ಆರು ತಿಂಗಳಲ್ಲಿ ನಿಪುಣರನ್ನಾಗಿ ಮಾಡುವೆವೆಂದು ಜಾಹೀರಾತು ಕೊಡುವ ತರಬೇತಿ ಕೇಂದ್ರಗಳಲ್ಲಿ ಅನೇಕವು ಕಲಿಸುವುದು ಭದ್ರತಾ ಪರೀಕ್ಷೆಗೆಂದೇ ಸಿದ್ಧಪಡಿಸಿದ ಕಾಲಿ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ತುಂಬಿಟ್ಟಿರುವ ಉಪಕರಣಗಳ ಹೆಸರನ್ನೂ ಅವನ್ನು ಚಲಾಯಿಸುವ ಆಜ್ಞೆಗಳನ್ನೂ. ಆ ಆಜ್ಞೆಗಳ ಹಿಂದೆ ಜಾಲದಲ್ಲಿ ನಿಜವಾಗಿ ಏನು ನಡೆಯುತ್ತದೆಂಬುದರ ಬೋಧನೆಗೆ ಅಲ್ಲಿ ಸಮಯವಿರುವುದಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಯೂಟಿಲ್ಸ್ ಎಂಬ ತಂತ್ರಾಂಶದೊಳಗೆ ಅಡಗಿಸಿಟ್ಟಿದ್ದ ಗುಪ್ತದ್ವಾರವು ಬಯಲಾದ ಬಗೆಯನ್ನು ನೋಡಿರಿ. ಲಿನಕ್ಸ್ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಆ ತಂತ್ರಾಂಶದ ನಿರ್ವಾಹಕರ ವಿಶ್ವಾಸವನ್ನು ಎರಡು ವರ್ಷಗಳಿಗೂ ಮಿಕ್ಕಿ ಮೆಲ್ಲಮೆಲ್ಲನೆ ಗಳಿಸಿಕೊಂಡ ಅಜ್ಞಾತ ವ್ಯಕ್ತಿಯೊಬ್ಬನು ಆ ದ್ವಾರವನ್ನು ಇಟ್ಟಿದ್ದನು. ಅದನ್ನು ಕಂಡುಹಿಡಿದ ಆಂಡ್ರೆಸ್ ಫ್ರಾಯಿಂಡ್ ಅವರು ಭದ್ರತಾ ತಜ್ಞರಾಗಿರಲಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರಲ್ಲಿ ಒಬ್ಬರು. ದೂರದ ಯಂತ್ರಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿದೆಯೆಂಬ, ಬೇರೆ ಯಾರಾದರೂ ಉಪೇಕ್ಷಿಸಿಬಿಡಬಹುದಾಗಿದ್ದ ಸಂಗತಿಯನ್ನು ಅವರು ಉಪೇಕ್ಷಿಸಲಿಲ್ಲ. ಅದರ ಬೆನ್ನುಹತ್ತಿ ಮೂಲದವರೆಗೆ ಹೋದರು. ಸಹಜ ಸ್ಥಿತಿಯನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಅಸಹಜವು ಕಣ್ಣಿಗೆ ಬೀಳುತ್ತದೆ. ಆದಕಾರಣ ಈ ವೃತ್ತಿಯನ್ನು ಬಯಸುವವರು ಮೊದಲು ಒಂದು ಜಾಲವನ್ನು ಸ್ವತಃ ಕಟ್ಟಲಿ, ಒಂದು ಸರ್ವರನ್ನು ನಡೆಸಲಿ, ಒಂದು ಜಾಲತಾಣವನ್ನು ಬರೆದು ಅದು ಕೆಟ್ಟಾಗ ಸರಿಪಡಿಸಲಿ. ಮುರಿಯುವುದನ್ನು ಆ ಬಳಿಕ ಕಲಿಯಬಹುದು.

ಕಲಿಯುವುದಕ್ಕೆ ಧರ್ಮಮಾರ್ಗಗಳೂ ಬೇಕಾದಷ್ಟಿವೆ. ಜಾಲತಾಣಗಳ ಭದ್ರತೆಗಾಗಿ ದುಡಿಯುವ ಒವಾಸ್ಪ್ ಸಂಸ್ಥೆಯು ಬೇಕೆಂದೇ ದೋಷಗಳನ್ನಿಟ್ಟು ನಿರ್ಮಿಸಿರುವ ಜ್ಯೂಸ್ ಶಾಪ್ ತಾಣ, ಆರಂಭದ ಅಭ್ಯಾಸಕ್ಕೆ ಯೋಗ್ಯವಾದ ಓವರ್‌ದವೈರ್, ಪೋರ್ಟ್‌ಸ್ವಿಗ್ಗರ್‌ನವರ ಉಚಿತ ಪಾಠಶಾಲೆ ಇವೆಲ್ಲ ಹಳ್ಳಿಯ ಮನೆಯಲ್ಲಿ ಕುಳಿತವರಿಗೂ ದೊರೆಯುತ್ತವೆ. ಪರರ ತಾಣಕ್ಕೆ ಕದ್ದು ಹೊಕ್ಕು ಕಲಿಯಬೇಕಾದ ಅಗತ್ಯ ಯಾರಿಗೂ ಇಲ್ಲ. ಸರ್ಟಿಫಿಕೇಟುಗಳ ವಿಷಯದಲ್ಲಿ ಒಂದು ಮಾತು ಸಾಕು. ಬಹುಪ್ರಚಾರದ ಸಿಇಎಚ್ ಜ್ಞಾನಪರೀಕ್ಷೆಯು ನಾಲ್ಕು ಗಂಟೆಗಳಲ್ಲಿ 125 ಬಹುಆಯ್ಕೆಯ ಪ್ರಶ್ನೆಗಳನ್ನು ಕೇಳುತ್ತದೆ. ಓಎಸ್‌ಸಿಪಿ ಪರೀಕ್ಷೆಯಾದರೋ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಯಂತ್ರಗಳೊಡನೆ ಸೆಣಸಾಡಿಸಿ, ಅನಂತರದ ಒಂದು ದಿನದೊಳಗೆ ಮಾಡಿದ್ದನ್ನೆಲ್ಲ ವರದಿಯಾಗಿ ಬರೆದೊಪ್ಪಿಸಬೇಕೆಂದು ವಿಧಿಸುತ್ತದೆ. ಎರಡನೆಯದೇ ನಿಜವಾದ ಉದ್ಯೋಗಕ್ಕೆ ಸಮೀಪವಾದದ್ದು. ಏಕೆಂದರೆ ಬ್ಯಾಂಕಿಗಾಗಲಿ ಆಸ್ಪತ್ರೆಗಾಗಲಿ ಪರೀಕ್ಷಕನು ಕಟ್ಟಕಡೆಗೆ ಕೊಡುವುದು ಒಂದು ಬರವಣಿಗೆಯನ್ನೇ: ದೋಷವೆಲ್ಲಿದೆ, ಅದರಿಂದಾಗುವ ಅಪಾಯವೆಷ್ಟು, ಪರಿಹಾರವೇನೆಂದು ಯಂತ್ರದ ಗಂಧವರಿಯದ ಮ್ಯಾನೇಜರನಿಗೂ ತಿಳಿಯುವಂತೆ ಬರೆಯಬಲ್ಲವರಿಗೆ ಈ ಕ್ಷೇತ್ರದಲ್ಲಿ ಮನ್ನಣೆಯುಂಟು.

ವಿದ್ಯಾರ್ಥಿಯ ಪಾಲಿನ ಕರ್ತವ್ಯ ಇಷ್ಟಾಯಿತು. ರಾಜ್ಯದ ಪಾಲಿನದು ಬಾಕಿಯಿದೆ, ಮತ್ತು ನನ್ನ ಕಳವಳವೆಲ್ಲ ಅದರ ಕುರಿತಾಗಿಯೇ. ವಿದ್ಯಾರ್ಥಿನಿಯೊಬ್ಬಳು ತನ್ನ ಪರೀಕ್ಷಾ ಫಲಿತಾಂಶವನ್ನು ನೋಡುವಾಗ ವಿಳಾಸದ ಸಾಲಿನಲ್ಲಿರುವ ಸಂಖ್ಯೆಯೊಂದನ್ನು ಅಕಸ್ಮಾತ್ತಾಗಿ ತಪ್ಪು ಒತ್ತಿದಳೆಂದೂ, ಬೇರೊಬ್ಬರ ಅಂಕಪಟ್ಟಿಯೂ ಫೋನ್ ನಂಬರೂ ಅವಳ ಮುಂದೆ ತೆರೆದವೆಂದೂ ಇಟ್ಟುಕೊಳ್ಳೋಣ. ಇಂಥ ದೋಷವು ಅಪರೂಪದ್ದಲ್ಲ; ಒವಾಸ್ಪ್ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ ಈ ವರ್ಗಕ್ಕೇ ಮೊದಲ ಸ್ಥಾನ. ಅವಳು ಇದನ್ನು ಅಧಿಕಾರಿಗಳಿಗೆ ತಿಳಿಸಬೇಕೆ, ಸುಮ್ಮನಿರಬೇಕೆ? 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಪ್ರಕರಣವು ಒಡೆಯನ ಅನುಮತಿಯಿಲ್ಲದ ಪ್ರವೇಶಕ್ಕೆ ಪರಿಹಾರ ತೆರಬೇಕೆಂದು ಹೇಳುವಾಗ ಉದ್ದೇಶದ ಒಳ್ಳೆಯತನ ಕೆಟ್ಟತನಗಳನ್ನು ವಿಚಾರಿಸುವುದಿಲ್ಲ. 66ನೆಯ ಪ್ರಕರಣದ ಪ್ರಕಾರ ಮೂರು ವರ್ಷಗಳವರೆಗಿನ ಸೆರೆವಾಸವನ್ನೋ ಐದು ಲಕ್ಷ ರೂಪಾಯಿಗಳವರೆಗಿನ ದಂಡವನ್ನೋ ವಿಧಿಸಬೇಕಾದರೆ ಅಪ್ರಾಮಾಣಿಕತೆ ಅಥವಾ ವಂಚನೆಯ ಉದ್ದೇಶವಿರಬೇಕೆಂಬುದು ನಿಜ. ಆದರೆ ಅಂಥ ಉದ್ದೇಶವಿರಲಿಲ್ಲವೆಂಬುದು ತೀರ್ಮಾನವಾಗುವ ಹೊತ್ತಿಗೆ ಠಾಣೆಯೂ ನ್ಯಾಯಾಲಯವೂ ಆ ಹುಡುಗಿಯ ಯೌವನದ ಎಷ್ಟು ವರ್ಷಗಳನ್ನು ನುಂಗಿರುತ್ತವೆ! ಅವಳು ಸುಮ್ಮನಿದ್ದುಬಿಟ್ಟರೆ ನಾನು ಅವಳನ್ನು ದೂರಲಾರೆ. ಆದರೆ ಅವಳು ಕಂಡದ್ದನ್ನು ನಾಳೆ ದುರುದ್ದೇಶದವನೊಬ್ಬನು ಕಂಡೇ ಕಾಣುತ್ತಾನೆ, ಅವನು ಯಾವ ಕಾನೂನಿಗೂ ಅಂಜುವವನಲ್ಲ.

ಅನ್ಯದೇಶಗಳು ಈ ಗಂಟನ್ನು ಬಿಡಿಸತೊಡಗಿವೆ. ನೆದರ್ಲೆಂಡ್ಸ್ ಸರ್ಕಾರವು 2013ರಲ್ಲಿಯೇ ಇದಕ್ಕೆ ಮಾರ್ಗಸೂಚಿ ಪ್ರಕಟಿಸಿತು. ತನ್ನ ಜಾಲದಲ್ಲಿ ದೋಷ ತೋರಿಸಿದವರಿಗೆ ಅಲ್ಲಿನ ಸೈಬರ್ ಭದ್ರತಾ ಕೇಂದ್ರವು ‘ನಾನು ಡಚ್ ಸರ್ಕಾರವನ್ನು ಹ್ಯಾಕ್ ಮಾಡಿದೆ’ ಎಂಬರ್ಥದ ಬರಹವುಳ್ಳ ಟೀ-ಶರ್ಟನ್ನು ಕಾಣಿಕೆಯಾಗಿ ಕೊಡುತ್ತದೆ. ಅಮೆರಿಕದ ನ್ಯಾಯ ಇಲಾಖೆಯು 2022ರ ಮೇ ತಿಂಗಳಲ್ಲಿ, ಸದ್ಭಾವದಿಂದ ನಡೆಸಿದ ಭದ್ರತಾ ಸಂಶೋಧನೆಯ ಮೇಲೆ ಮೊಕದ್ದಮೆ ಹೂಡಕೂಡದೆಂದು ತನ್ನ ವಕೀಲರಿಗೆ ನಿರ್ದೇಶಿಸಿತು. ನಮ್ಮಲ್ಲಿಯೂ 2004ರಿಂದ ಕೆಲಸ ಮಾಡುತ್ತಿರುವ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯು ದೋಷಗಳ ವರದಿಯನ್ನು ಸ್ವೀಕರಿಸುತ್ತದೆ. ಆದರೆ ಸ್ವೀಕಾರ ಬೇರೆ, ಅಭಯ ಬೇರೆ. ಅಭಯವನ್ನು ಶಾಸನವೇ ಕೊಡಬೇಕಾಗಿದೆ.

ಶಾಸನ ತಿದ್ದುವುದು ಸಂಸತ್ತಿನ ಕೆಲಸ, ಅದಕ್ಕೆ ಕಾಲ ಹಿಡಿಯುತ್ತದೆ. ಕರ್ನಾಟಕ ಸರ್ಕಾರವು ತನ್ನದೇ ತಾಣಗಳ ಮಟ್ಟಿಗೆ ಕಾಯಬೇಕಾದ ಕಾರಣವಿಲ್ಲ. ಸೈಬರ್ ಅಪರಾಧಗಳಿಗೆಂದೇ ದೇಶದ ಮೊದಲ ಪೊಲೀಸ್ ಠಾಣೆಯನ್ನು 2001ರಲ್ಲಿ ಬೆಂಗಳೂರಿನಲ್ಲಿ ತೆರೆದ ರಾಜ್ಯವಿದು. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಸೈಬರ್ ಭದ್ರತೆಯ ಕೇಂದ್ರವೊಂದನ್ನು ನಡೆಸುತ್ತಿರುವ ರಾಜ್ಯ. ಹಾಗೆಯೇ 2019ರಲ್ಲಿ ತನ್ನ ಇ-ಪ್ರೊಕ್ಯೂರ್‌ಮೆಂಟ್ ತಾಣದಿಂದ ಗುತ್ತಿಗೆದಾರರ ಠೇವಣಿ ಹಣ ಹನ್ನೊಂದು ಕೋಟಿ ರೂಪಾಯಿಗಳಿಗೂ ಮಿಕ್ಕಿ ಕಳುವಾದ ನೋವನ್ನುಂಡ ರಾಜ್ಯವೂ ಹೌದು. ದೋಷ ಕಂಡವರು ಯಾರಿಗೆ ಬರೆಯಬೇಕೆಂಬ ವಿಳಾಸವನ್ನು ‘ಸೆಕ್ಯುರಿಟಿ ಟಿಎಕ್ಸ್‌ಟಿ’ ಎಂಬ ಸಣ್ಣ ಕಡತದಲ್ಲಿ ಪ್ರತಿಯೊಂದು ಜಾಲತಾಣದಲ್ಲಿಯೂ ಇಡುವ ಪದ್ಧತಿಗೆ 2022ರಲ್ಲಿ ಅಂತರರಾಷ್ಟ್ರೀಯ ರೂಪ ದೊರೆತಿದೆ. ಅದರ ಜೊತೆಗೆ ಒಂದು ಪುಟದ ನಿಯಮಾವಳಿ ಕನ್ನಡದಲ್ಲಿ ಇರಲಿ: ಪರರ ಮಾಹಿತಿಯನ್ನು ಇಳಿಸಿಕೊಳ್ಳದೆ, ಸೇವೆಗೆ ಅಡ್ಡಿಮಾಡದೆ, ಹಣ ಕೇಳದೆ, ಕಂಡದ್ದನ್ನು ಮೊದಲು ನಮಗೇ ತಿಳಿಸಿದವರ ಮೇಲೆ ನಾವು ದೂರು ಕೊಡುವುದಿಲ್ಲ; ಇಷ್ಟು ದಿನಗಳೊಳಗೆ ಉತ್ತರಿಸುತ್ತೇವೆ; ಬಯಸಿದವರ ಹೆಸರನ್ನು ಕೃತಜ್ಞತೆಯಿಂದ ಪ್ರಕಟಿಸುತ್ತೇವೆ. ವಿಶ್ವವಿದ್ಯಾಲಯಗಳ ಫಲಿತಾಂಶದ ತಾಣಗಳಿಂದಲೇ ಇದನ್ನು ಆರಂಭಿಸಬಹುದು. ಇದಕ್ಕೆ ಬೇಕಾದದ್ದು ಇ-ಆಡಳಿತ ಇಲಾಖೆಯ ಒಂದು ಸುತ್ತೋಲೆ, ಮತ್ತು ಬಂದ ಪತ್ರಗಳನ್ನು ಓದಿ ಉತ್ತರಿಸಬಲ್ಲ ಇಬ್ಬರು ಮೂವರು ಎಂಜಿನಿಯರುಗಳು.