ನಾಲ್ಕು ತಾಕು, ಇಡೀ ಪಂಚಾಯಿತಿಯ ಬೆಳೆ

ಮುಂಗಾರಿನ ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಗದ್ದೆಗಳಲ್ಲಿ ಹಗ್ಗ, ಗೂಟ, ತಕ್ಕಡಿ ಹಿಡಿದ ಸಿಬ್ಬಂದಿ ಕಾಣಿಸುತ್ತಾರೆ. ಅವರು ನಡೆಸುವುದು ಬೆಳೆ ಕಟಾವು ಪ್ರಯೋಗ. ಬೆಳೆ ವಿಮೆಯ ಪರಿಹಾರ ಬಹುಮಟ್ಟಿಗೆ ನಿಲ್ಲುವುದು ಈ ತೂಕದ ಮೇಲೆಯೇ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಗೆ 4 ಪ್ರಯೋಗ, ಉಳಿದವುಗಳಿಗೆ ಹೋಬಳಿಗೆ 10. "ನೂರಾರು ಎಕರೆ ಇರುವಾಗ ನಾಲ್ಕು ಕಡೆ ಕೊಯ್ದರೆ ಏನು ತಿಳಿದೀತು ಸ್ವಾಮಿ?" ಎಂದು ರೈತರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದೆರಡು ಅಗುಳು ಹಿಸುಕಿದರೆ ಸಾಕು, ಆದರೆ ಪಾತ್ರೆಯನ್ನು ಸೌಟಿನಿಂದ ತಿರುವಿರಬೇಕು. ಗದ್ದೆ ಬಯಲನ್ನು ತಿರುವಲಾಗದು. ತೂಬಿನ ಬಳಿ ತೆನೆ ಬಾಗಿದ್ದರೆ ನಾಲೆಯ ಕೊನೆಯಲ್ಲಿ ಜೊಳ್ಳು ಇದ್ದೀತು. ಆ ತಿರುವುವ ಕೆಲಸವನ್ನು ಚೀಟಿ ಎತ್ತಿದ ಹಾಗೆ ಬರುವ ಅಂಕಿಗಳು ಮಾಡುತ್ತವೆ. ಯಾವ ಸರ್ವೆ ನಂಬರು, ಅದರ ನೈಋತ್ಯ ಮೂಲೆಯಿಂದ ಎಷ್ಟು ಹೆಜ್ಜೆ ಉದ್ದಕ್ಕೆ, ಎಷ್ಟು ಅಡ್ಡಕ್ಕೆ ಎಂಬುದೆಲ್ಲ ಆ ಅಂಕಿಯಂತೆಯೇ. ಅಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕನ್ನು ಕೊಯ್ದು, ಬಡಿದು, ತೂಗುತ್ತಾರೆ. ಎಕರೆಗೆ ಇಂಥ ಸುಮಾರು 160 ತಾಕುಗಳಾಗುತ್ತವೆ. ಹಿಂದೆ ಕಣ್ಣಳತೆಯಲ್ಲೇ ಇಷ್ಟು ಆಣೆ ಬೆಳೆ ಎಂದು ಬರೆಯುವ ಪದ್ಧತಿಯಿತ್ತು. 1940ರ ದಶಕದಲ್ಲಿ ಪಿ.ವಿ. ಸುಖಾತ್ಮೆ, ವಿ.ಜಿ. ಪಾನ್ಸೆ ಅವರು ಈ ಅಂಕಿಯ ಕ್ರಮವನ್ನು ರೂಢಿಗೆ ತಂದರು.

ತೊಂದರೆ ಬರುವುದು ಅಂಕಿ ತೋರಿಸಿದ ಜಾಗವನ್ನು ಬಿಟ್ಟಾಗ. ಬದು ದಾಟಿ ಕೆಸರು ತುಳಿಯಲು ಬೇಸರಪಟ್ಟು ದಾರಿ ಪಕ್ಕದ ಒಳ್ಳೆಯ ಗದ್ದೆಯಲ್ಲೇ ಹಗ್ಗ ಹಿಡಿದರೆಂದುಕೊಳ್ಳಿ. ನಾಲ್ಕು ತಾಕುಗಳ ನಿಜವಾದ ಸರಾಸರಿ 8 ಕಿಲೋ, ಅಂದರೆ ಎಕರೆಗೆ 12.8 ಕ್ವಿಂಟಾಲ್. ವಿಮೆಯ ಲೆಕ್ಕಕ್ಕೆ ಗೊತ್ತುಪಡಿಸಿದ ಇಳುವರಿ 16 ಕ್ವಿಂಟಾಲ್ ಇದ್ದರೆ ಕೊರತೆ ನೂರಕ್ಕೆ 20. ಒಂದೇ ಒಂದು ತಾಕಿನಲ್ಲಿ 4 ಕಿಲೋ ಹೆಚ್ಚು ತೂಗಿದರೆ ಸರಾಸರಿ 9 ಕಿಲೋ, ಇಳುವರಿ 14.4 ಕ್ವಿಂಟಾಲ್, ಕೊರತೆ ನೂರಕ್ಕೆ 10. ಪಂಚಾಯಿತಿಯ ಎಲ್ಲ ವಿಮಾದಾರರ ಪರಿಹಾರವೂ ಅರ್ಧಕ್ಕಿಳಿಯಿತು!

"ಸೊರಗಿದ ಮೂಲೆಯಲ್ಲೇ ಕೊಯ್ಯಿರಿ" ಎಂದು ಒತ್ತಾಯಿಸುವವರೂ ಇದ್ದಾರೆ. ಅದೂ ಅಷ್ಟೇ ಕೆಡುಕು. ಗೊತ್ತುಪಡಿಸುವ ಇಳುವರಿಯನ್ನು ಲೆಕ್ಕ ಹಾಕುವುದು ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯಿಂದ. ಮೇಲಿಂದ ಮೇಲೆ ಸುಳ್ಳು ತೂಕ ಬರೆಸಿದರೆ ಆ ಇಳುವರಿಯೇ ಇಳಿದು, ನಿಜವಾಗಿ ಬರ ಬಿದ್ದ ವರ್ಷ ಕೈ ಖಾಲಿ.

ನಾಲ್ಕು ತಾಕು ಕಡಿಮೆಯೆಂಬುದು ನಿಜ. ಹೆಚ್ಚಿದಷ್ಟೂ ಸರಾಸರಿ ನಂಬಿಕೆಗೆ ಯೋಗ್ಯ. ಆದರೆ ಆರಿಸಿ ಕೊಯ್ದ ನಲವತ್ತಕ್ಕಿಂತ ಅಂಕಿಯಂತೆ ಕೊಯ್ದ ನಾಲ್ಕೇ ಮೇಲು ಎಂಬುದು ನನ್ನ ಅಭಿಪ್ರಾಯ. ಇನ್ನು, ಈ ಸರಾಸರಿ ಪಂಚಾಯಿತಿಯದು, ತಮ್ಮೊಬ್ಬರ ಹೊಲದ್ದಲ್ಲ. ಆಲಿಕಲ್ಲು ಮಳೆಯಿಂದ ತಮ್ಮ ಹೊಲ ಮಾತ್ರ ಕೆಟ್ಟಿದ್ದರೆ 72 ಗಂಟೆಯೊಳಗೆ ಪ್ರತ್ಯೇಕವಾಗಿ ದೂರು ಕೊಡಬೇಕು.

ತಮ್ಮ ಸರ್ವೆ ನಂಬರು ಆಯ್ಕೆಯಾಗಿದ್ದರೆ, ಕಟಾವು ಮಿಷನ್‌ಗೆ ಹೇಳುವ ಮೊದಲೇ ಪ್ರಯೋಗ ನಡೆಸುವ ಸಿಬ್ಬಂದಿಗೆ ತಿಳಿಸಿರಿ. ಗದ್ದೆ ಮುಂಚೆಯೇ ಕೊಯ್ದುಹೋದರೆ ಆ ತಾಕು ಲೆಕ್ಕದಿಂದ ತಪ್ಪಿತು. ಹಗ್ಗ ಹಿಡಿಯುವಾಗ, ತೂಗುವಾಗ ತಾವೂ ಅಲ್ಲಿರಿ. ಮೊಬೈಲ್‌ನಲ್ಲಿ ದಾಖಲಿಸಿದ ತೂಕವನ್ನು ಕೇಳಿ ಬರೆದಿಟ್ಟುಕೊಳ್ಳಿರಿ.